ಸ್ಮ್ಯಾಶ್‌ನಲ್ಲಿ ಸ್ಟಾಕ್ ತೆಗೆಯೋದು, ಉಳಿಸಿಕೊಳ್ಳೋದು: ನನ್ನ ಅನುಭವ

ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್ ಅನ್ನೋ ನಿಂಟೆಂಡೋ ಫೈಟಿಂಗ್ ಗೇಮ್‌ನಲ್ಲಿ ನಾನು ಆಡೋದು ಮಾರಿಯೋ ಪಾತ್ರವನ್ನು. ಟೆಕ್ಕನ್, ಸ್ಟ್ರೀಟ್ ಫೈಟರ್ ಆಡಿ ಬಂದ ಗೆಳೆಯರು ಮೊದಲು ಹುಡುಕುವುದು ಹೆಲ್ತ್ ಬಾರ್, ಅಂದರೆ ಎಷ್ಟು ಪ್ರಾಣ ಉಳಿದಿದೆ ಅಂತ ತೋರಿಸುವ ಪಟ್ಟಿ. ಇಲ್ಲಿ ಮಾಮೂಲಿ ಆಟದಲ್ಲಿ ಅದು ಇಲ್ಲವೇ ಇಲ್ಲ. ಏಟು ಬಿದ್ದಷ್ಟೂ ಪರ್ಸೆಂಟ್ ಏರುತ್ತದೆ, 999ರವರೆಗೂ. ಅಷ್ಟಾದರೂ ಬದುಕಿರಬಹುದು! ಪರದೆಯ ಆಚೆ ನಾಲ್ಕೂ ಕಡೆ ಕಣ್ಣಿಗೆ ಕಾಣದ ಗೆರೆ ಇದೆ, ಬ್ಲಾಸ್ಟ್ ಝೋನ್. ಅದನ್ನು ದಾಟಿದರಷ್ಟೇ ಸ್ಟಾಕ್, ಅಂದರೆ ಒಂದು ಜೀವ, ಹೋಗುವುದು. 1999ರಲ್ಲಿ ನಿಂಟೆಂಡೋ 64ಕ್ಕೆ ಬಂದ ಮೊದಲ ಸ್ಮ್ಯಾಶ್‌ನಿಂದಲೂ ಹೀಗೇ.

ಪರ್ಸೆಂಟ್ ಜಾಸ್ತಿಯಾದಷ್ಟೂ ಅದೇ ಏಟಿಗೆ ದೂರ ಹಾರುತ್ತೇವೆ. ಪಾತ್ರದ ತೂಕವೂ ಲೆಕ್ಕಕ್ಕೆ ಬರುತ್ತದೆ, ಹಗುರ ಇದ್ದಷ್ಟೂ ದೂರ: ಬೌಸರ್ 135, ಮಾರಿಯೋ 98, ಪಿಚು ಬರೀ 62. ಆದರೆ ನಾನು ಇವೆರಡಕ್ಕಿಂತ ಮೊದಲು ನೋಡುವುದು ಎದುರಾಳಿ ಎಲ್ಲಿ ನಿಂತಿದ್ದಾನೆ ಅನ್ನುವುದನ್ನು. ಕೇರಂನಲ್ಲಿ ಪಾನ್ ಪಾಕೆಟ್ ಬಾಯಲ್ಲೇ ಇದ್ದರೆ ಮೆಲ್ಲಗೆ ತಟ್ಟಿದರೂ ಸಾಕಲ್ವಾ, ಹಾಗೆ. ಮಾರಿಯೋನ ಬ್ಯಾಕ್ ಥ್ರೋ (ಹಿಡಿದು ಬೆನ್ನ ಹಿಂದಕ್ಕೆ ಎಸೆಯೋದು) ಸ್ಟೇಜಿನ ನಡುವೆ ಹಾಕಿದರೆ ಎದುರಾಳಿ ಆರಾಮಾಗಿ ವಾಪಸ್ ಬರುತ್ತಾನೆ. ನನ್ನ ಬೆನ್ನು ಲೆಡ್ಜ್ (ಸ್ಟೇಜಿನ ಅಂಚು) ಕಡೆಗಿದ್ದಾಗ, ಅದೇ ಪರ್ಸೆಂಟಿನಲ್ಲಿ, ಅದೇ ಥ್ರೋ ಸ್ಟಾಕ್ ತೆಗೆಯುತ್ತದೆ. ಅದಕ್ಕೇ ಅವನ ಪರ್ಸೆಂಟ್ ನೂರು ದಾಟಿದ ಮೇಲೆ ನಾನು ಏಟಿಗಿಂತ ಜಾಗಕ್ಕೆ ಹೋರಾಡುತ್ತೇನೆ. ಲೆಡ್ಜ್ ಹತ್ತಿರ ತಿರುಗಿ ನಿಂತು ಗ್ರ್ಯಾಬ್‌ಗೆ, ಅಂದರೆ ಅವನನ್ನು ಹಿಡಿಯುವ ಅವಕಾಶಕ್ಕೆ, ಕಾಯುತ್ತೇನೆ.

ಇನ್ನು ಬದುಕುವ ಕಡೆ. ನನ್ನ ಆಟ ನಿಜವಾಗಿ ಬದಲಾದದ್ದು ಡಿಐ (ಡೈರೆಕ್ಷನಲ್ ಇನ್‌ಫ್ಲುಯೆನ್ಸ್, ಹಾರುವ ದಿಕ್ಕನ್ನು ಕಂಟ್ರೋಲರ್ ಸ್ಟಿಕ್‌ನಿಂದ ತಿರುಗಿಸೋದು) ಕಲಿತ ಮೇಲೆ. ದೊಡ್ಡ ಏಟು ಬಿದ್ದಾಗ ಇಬ್ಬರೂ ಒಂದು ಗಳಿಗೆ ಗಕ್ಕನೆ ನಿಲ್ಲುತ್ತಾರೆ, ಗಮನಿಸಿದ್ದೀರಾ? ಆ ನಿಲುಗಡೆ ಮುಗಿಯುವ ಹೊತ್ತಿಗೆ ಸ್ಟಿಕ್ ಯಾವ ಕಡೆ ಇದೆಯೋ, ಹಾರುವ ದಿಕ್ಕು ಆ ಕಡೆಗೆ ವಾಲುತ್ತದೆ. ವಾಲುವುದು ಸ್ವಲ್ಪವೇ. ಆದರೆ ಪರದೆಯ ಮೂಲೆ ಎಲ್ಲಕ್ಕಿಂತ ದೂರ ಇರುವುದರಿಂದ, ಆ ಸ್ವಲ್ಪದಲ್ಲೇ ಪ್ರಾಣ ಉಳಿಯುತ್ತದೆ. ಪಕ್ಕಕ್ಕೆ ಹಾರುವಾಗ ನಾನು ಸ್ಟಿಕ್ಕನ್ನು ಮೇಲಕ್ಕೆ, ಸ್ಟೇಜ್ ಕಡೆಗೆ ಹಿಡಿಯುತ್ತೇನೆ. ನೆಟ್ಟಗೆ ಮೇಲಕ್ಕೆ ಹೋದರೆ ಎಡಕ್ಕೋ ಬಲಕ್ಕೋ. ಏಟು ಬಿದ್ದ ಮೇಲೆ ಯೋಚಿಸಲು ಪುರುಸೊತ್ತು ಸಿಗುವುದಿಲ್ಲ. ಎದುರಾಳಿ ಯಾವುದರಿಂದ ಕೊಲ್ಲಲು ಹೊರಟಿದ್ದಾನೆ ಅಂತ ಊಹಿಸಿ ಮೊದಲೇ ಸಿದ್ಧವಾಗಿರಬೇಕು. ಟ್ರೇನಿಂಗ್ ಮೋಡ್‌ಗಿಂತ ಗೆಳೆಯನೊಬ್ಬನನ್ನು ಕೂರಿಸಿಕೊಂಡು, ಬೇಕಂತಲೇ ಒಂದೇ ಸ್ಮ್ಯಾಶ್ ಅಟ್ಯಾಕ್ (ಜೋರಿನ ಏಟು) ಮತ್ತೆ ಮತ್ತೆ ಹೊಡೆಸಿಕೊಂಡದ್ದು ನನಗೆ ಜಾಸ್ತಿ ಉಪಯೋಗಕ್ಕೆ ಬಂತು.

ನನಗೆ ತುಂಬಾ ಇಷ್ಟ ಎಡ್ಜ್‌ಗಾರ್ಡ್, ಅಂದರೆ ಹೊರಗೆ ಹಾರಿದವನು ಸ್ಟೇಜಿಗೆ ವಾಪಸ್ ಬಾರದಂತೆ ತಡೆಯೋದು. ಎದುರಾಳಿ ಸ್ಟೇಜ್ ಬಿಟ್ಟು ಹೊರಗೆ ಹಾರಿದ, ಪರ್ಸೆಂಟ್ ಬರೀ ಐವತ್ತು ಅಂದುಕೊಳ್ಳಿ. ನಾನು ಆಗ ನೋಡುವುದು ಒಂದನ್ನೇ: ಡಬಲ್ ಜಂಪ್ (ಗಾಳಿಯಲ್ಲೇ ಎರಡನೇ ಜಿಗಿತ) ಬಳಸಿಬಿಟ್ಟನಾ? ಬಳಸಿದ್ದರೆ ಅವನು ಅಪ್ ಸ್ಪೆಷಲ್‌ನಲ್ಲೇ (ಮೇಲಕ್ಕೆ ಒಯ್ಯುವ ವಿಶೇಷ ಚಲನೆ) ಬರಬೇಕು, ಬರುವ ದಾರಿ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಆಗ ನಾನೇ ಹೊರಗೆ ಜಿಗಿದು ಒಂದು ಬ್ಯಾಕ್ ಏರ್ (ಗಾಳಿಯಲ್ಲಿ ಹಿಂದಕ್ಕೆ ಹೊಡೆಯುವ ಏಟು) ಕೊಡುತ್ತೇನೆ. ಏಟು ತಿಂದರೆ ಅಪ್ ಸ್ಪೆಷಲ್ ಮತ್ತೆ ಸಿಗುತ್ತದೆ, ಡಬಲ್ ಜಂಪ್ ಸಿಗುವುದಿಲ್ಲ. ಎರಡನೇ ಸಲ ಅವನು ಇನ್ನೂ ಕೆಳಗಿನಿಂದ, ಇನ್ನೂ ದೂರದಿಂದ ಬರಬೇಕು. ಎಷ್ಟೋ ಸಲ ಲೆಡ್ಜ್ ಎಟುಕುವುದೇ ಇಲ್ಲ. ಮಾರಿಯೋನ ಫಾರ್ವರ್ಡ್ ಏರ್ (ಗಾಳಿಯಲ್ಲಿ ಮುಂದಕ್ಕೆ ಹೊಡೆಯುವ ಏಟು) ಸರಿಯಾದ ಹೊತ್ತಿಗೆ ತಾಗಿದರೆ ನೆಟ್ಟಗೆ ಕೆಳಗೇ ತಳ್ಳುತ್ತದೆ, ನಿಜ. ಆದರೆ ಅದು ನಿಧಾನದ ಏಟು, ತಪ್ಪಿದರೆ ನಾನೇ ಹೊರಗೆ ಸಿಕ್ಕಿಬೀಳುತ್ತೇನೆ. ಕೊನೆಯ ಸ್ಟಾಕ್‌ನಲ್ಲಿದ್ದಾಗ ನನ್ನ ಆಯ್ಕೆ ಬ್ಯಾಕ್ ಏರ್. ಅದೂ ನನ್ನ ಡಬಲ್ ಜಂಪ್ ವಾಪಸ್ ಬರೋದಕ್ಕೆ ಉಳಿದಿದ್ದರೆ ಮಾತ್ರ.