ಟರ್ಮಿನಲ್ ಸಿಕ್ಕಿಕೊಂಡಿತೇ? ಕಿಟಕಿ ಮುಚ್ಚಬೇಡಿ

ಸರ್ವರ್ ಶುರು ಮಾಡಲು ಹೋದರೆ '3000ನೇ ಪೋರ್ಟ್ ಆಗಲೇ ಬಳಕೆಯಲ್ಲಿದೆ' ಎಂಬ ದೂರು. ಪೋರ್ಟ್ ಎಂದರೆ ಪ್ರೋಗ್ರಾಂ ಸಂಪರ್ಕಕ್ಕೆ ಬಳಸುವ ಸಂಖ್ಯೆಯುಳ್ಳ ಬಾಗಿಲು. ಆಗ ಹಲವರು ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿಬಿಡುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ಏನಾಗಿದೆ ಎಂದು ಟರ್ಮಿನಲನ್ನೇ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯನ್ನೇ, ಕೇಳಬಹುದು. ಇಲ್ಲಿನ ಉಪಾಯಗಳು ಲಿನಕ್ಸ್, ಮ್ಯಾಕ್ ಎರಡರಲ್ಲೂ ನಡೆಯುತ್ತವೆ.

ಪೋರ್ಟ್ ಬಿಡಿಸುವುದು

ಮೊದಲು ನೆನಪಿಸಿಕೊಳ್ಳಿ: ಸರ್ವರ್ ನಿಲ್ಲಿಸಲು ಕಂಟ್ರೋಲ್ ಸಿ ಬದಲು ಕಂಟ್ರೋಲ್ ಝಡ್ ಒತ್ತಿದಿರಾ? ಝಡ್ ಒತ್ತಿದರೆ ಪ್ರೋಗ್ರಾಂ ಸಾಯುವುದಿಲ್ಲ, ಮಲಗುತ್ತದೆ ಅಷ್ಟೇ. ಪೋರ್ಟ್ ಮಾತ್ರ ಅದರ ಕೈಯಲ್ಲೇ ಉಳಿಯುತ್ತದೆ. ಅದೇ ಟರ್ಮಿನಲ್‌ನಲ್ಲಿ 'ಜಾಬ್ಸ್' ಎಂದು ಟೈಪ್ ಮಾಡಿ ನೋಡಿ. ಪಟ್ಟಿಯಲ್ಲಿ ಸರ್ವರ್ ಕಂಡರೆ 'ಎಫ್‌ಜಿ' ಎಂದು ಕೊಟ್ಟು ಎಬ್ಬಿಸಿ. ಆಮೇಲೆ ಕಂಟ್ರೋಲ್ ಸಿ ಒತ್ತಿ.

ಅಲ್ಲಿ ಸಿಗದಿದ್ದರೆ, ಪೋರ್ಟನ್ನು ಯಾವ ಪ್ರೋಗ್ರಾಂ ಹಿಡಿದಿದೆ ಎಂದು ತೋರಿಸುವ ಎಲ್‌ಎಸ್‌ಓಎಫ್ ಬಳಸಿ. ಆ ನಾಲ್ಕು ಅಕ್ಷರ ಬರೆದು, ಜಾಗ ಬಿಟ್ಟು ಹೈಫನ್ ಐ, ಮತ್ತೆ ಜಾಗ ಬಿಟ್ಟು ಕೋಲನ್ ಮತ್ತು 3000. ಹಲವು ಸಾಲು ಬರಬಹುದು. ಆ ಪೋರ್ಟಿಗೆ ಸೇರಿಕೊಂಡ ಬ್ರೌಸರ್ ಕೂಡ ಅದರಲ್ಲಿ ಇರುತ್ತದೆ, ಹುಷಾರು. ಕೊನೆಯಲ್ಲಿ 'ಲಿಸನ್' ಎಂದಿರುವ ಸಾಲು ಹಿಡಿಯಿರಿ. ಅದರ ಎರಡನೇ ಕಾಲಂನಲ್ಲಿರುವ ಸಂಖ್ಯೆಯೇ ಪ್ರೋಸೆಸ್ ಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಂನ ಗುರುತು ಸಂಖ್ಯೆ. 'ಕಿಲ್' ಬರೆದು ಆ ಸಂಖ್ಯೆ ಕೊಡಿ.

ಸುಮ್ನೆ ಮೊದಲೇ 'ಕಿಲ್ ಹೈಫನ್ 9' ಬಳಸುವ ಅಭ್ಯಾಸ ಒಳ್ಳೆಯದಲ್ಲ. ಬರೀ ಕಿಲ್ 15ನೇ ಸಿಗ್ನಲ್ ಕಳಿಸುತ್ತದೆ. ಫೈಲ್ ಮುಚ್ಚಿ, ಕೆಲಸ ಮುಗಿಸಿ ಹೊರಡಲು ಪ್ರೋಗ್ರಾಂಗೆ ಅವಕಾಶ ಇರುತ್ತದೆ. 9 ಬಂದರೆ ಆ ಅವಕಾಶವೇ ಇಲ್ಲ. ಮಾತು ಕೇಳದೇ ಹೋದಾಗ ಮಾತ್ರ ಅದನ್ನು ಬಳಸಿ.

ಪರದೆ ಮಿಸುಕದಿದ್ದರೆ

ಸೇವ್ ಮಾಡುವ ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿರುತ್ತೀರಿ. ಟರ್ಮಿನಲ್‌ಗೆ ಅದು 'ತಡೆ' ಎಂಬ ಆಜ್ಞೆ. ಕಂಟ್ರೋಲ್ ಕ್ಯೂ ಒತ್ತಿದರೆ ಮತ್ತೆ ಹರಿಯುತ್ತದೆ. ಬೈನರಿ ಫೈಲ್ ತೆರೆದು ಅಕ್ಷರಗಳೆಲ್ಲ ಕಲಸಿಹೋಗಿದ್ದರೆ, ಕಾಣದಿದ್ದರೂ ಪರವಾಗಿಲ್ಲ, 'ರೀಸೆಟ್' ಎಂದು ಟೈಪ್ ಮಾಡಿ ಎಂಟರ್ ಒತ್ತಿ.

ಕಳೆದುಹೋದ ಕಮಿಟ್

ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ ಗಿಟ್. ಅದರಲ್ಲಿ ಉಳಿಸಿಟ್ಟ ಒಂದೊಂದು ಹಂತವೇ ಕಮಿಟ್. 'ಗಿಟ್ ರೀಸೆಟ್' ಅನ್ನು 'ಹಾರ್ಡ್' ಜೊತೆ ಓಡಿಸಿ, ಬೇಕಿದ್ದ ಕಮಿಟ್ ಮಾಯವಾದಾಗ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆದರೆ ಗಿಟ್ ಅದನ್ನು ತಕ್ಷಣ ಅಳಿಸುವುದಿಲ್ಲ. 'ಗಿಟ್ ರಿಫ್‌ಲಾಗ್' ಕೊಡಿ. ನೀವು ಎಲ್ಲೆಲ್ಲಿ ಇದ್ದಿರಿ ಎಂಬುದೆಲ್ಲ ಸಾಲಾಗಿ ಬರುತ್ತದೆ. ಬೇಕಾದ ಸಾಲಿನ ಮೊದಲಲ್ಲಿರುವ ಹ್ಯಾಶ್, ಅಂದರೆ ಕಮಿಟ್‌ನ ಗುರುತು ಸಂಕೇತ, ನಕಲು ಮಾಡಿ. 'ಗಿಟ್ ಬ್ರಾಂಚ್' ಬರೆದು ಹೊಸ ಹೆಸರು, ಅದರ ಪಕ್ಕ ಆ ಹ್ಯಾಶ್ ಕೊಟ್ಟರೆ ಕಮಿಟ್ ಹೊಸ ಬ್ರಾಂಚ್‌ನಲ್ಲಿ (ಕೋಡಿನ ಹೊಸ ಕವಲಿನಲ್ಲಿ) ಭದ್ರ. ಬ್ರಾಂಚ್‌ಗಳಿಂದ ಕಳಚಿಕೊಂಡ ಇಂಥ ದಾಖಲೆಯನ್ನು ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ. ಕಮಿಟ್ ಮಾಡದೇ ಬಿಟ್ಟ ಬದಲಾವಣೆ ಮಾತ್ರ ರಿಫ್‌ಲಾಗ್‌ನಿಂದ ಸಿಗುವುದಿಲ್ಲ. ಅದಕ್ಕೇ ಹೇಳುವುದು, ಹಾರ್ಡ್ ಕೊಡುವ ಮುಂಚೆ, ಅಂಥ ಬದಲಾವಣೆಯನ್ನು ಪಕ್ಕಕ್ಕೆ ಎತ್ತಿಡುವ 'ಗಿಟ್ ಸ್ಟ್ಯಾಶ್' ಮಾಡಿಕೊಳ್ಳಿ.

ಇನ್ನೆರಡು ಚಿಕ್ಕವು. 'ಸಿಡಿ' ಬರೆದು ಜಾಗ ಬಿಟ್ಟು ಹೈಫನ್ ಕೊಟ್ಟರೆ ಹಿಂದಿನ ಫೋಲ್ಡರ್‌ಗೆ ಮರಳುತ್ತೀರಿ. ಹಳೆಯ ಉದ್ದನೆಯ ಆಜ್ಞೆ ಬೇಕಿದ್ದರೆ ಮೇಲಿನ ಬಾಣವನ್ನು ನಲವತ್ತು ಸಲ ಒತ್ತಬೇಡಿ. ಕಂಟ್ರೋಲ್ ಆರ್ ಒತ್ತಿ, ನೆನಪಿರುವ ಒಂದು ತುಣುಕು ಟೈಪ್ ಮಾಡಿ. ಸಿಕ್ಕಿದ್ದು ಬೇರೆಯಾಗಿದ್ದರೆ ಮತ್ತೆ ಕಂಟ್ರೋಲ್ ಆರ್ ಒತ್ತಿ, ಅದಕ್ಕೂ ಹಿಂದಿನದು ಬರುತ್ತದೆ.