ಬಿಳಿ ಹಕ್ಕಿಯ ಎದೆಯ ಮೇಲೆ ಫೋಕಸ್ ಏಕೆ ನಿಲ್ಲುವುದಿಲ್ಲ

ರಂಗನತಿಟ್ಟಿನ ದೋಣಿಯಲ್ಲಿ ಕೂತು ಚಮಚಕೊಕ್ಕಿನ ಹಕ್ಕಿಯ ಎದೆಗೆ ಫೋಕಸ್ ಬಿಂದು ಇಟ್ಟರೆ ಲೆನ್ಸ್ ಹಿಂದೆ ಮುಂದೆ ಓಡಾಡಿ ಸುಮ್ಮನಾಗುತ್ತದೆ. ಕ್ಯಾಮೆರಾ ಕೆಟ್ಟಿಲ್ಲ. ಆಟೋಫೋಕಸ್ ಸೆನ್ಸರ್‌ಗೆ ಹಿಡಿದುಕೊಳ್ಳಲು ಒಂದು ಅಂಚು ಬೇಕು. ಅಚ್ಚ ಬಿಳಿ ಎದೆಯಲ್ಲಿ ಅದಿಲ್ಲ. ಕಪ್ಪು ಕೊಕ್ಕು ಬಿಳಿ ಮುಖಕ್ಕೆ ಸೇರುವ ಜಾಗಕ್ಕೆ ಬಿಂದು ಸರಿಸಿ, ತಕ್ಷಣ ಹಿಡಿಯುತ್ತದೆ.

ಡಿಎಸ್ಎಲ್ಆರ್‌ನಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಮುಖ್ಯ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅದರ ಹಿಂದಿನ ಪುಟ್ಟ ಕನ್ನಡಿ ಬೆಳಕನ್ನು ತಳಕ್ಕೆ ತಿರುಗಿಸುತ್ತದೆ. ಅಲ್ಲಿ ಜೋಡಿ ಮಸೂರಗಳು ಲೆನ್ಸಿನ ಎರಡು ಬದಿಯ ಬೆಳಕನ್ನು ಬೇರ್ಪಡಿಸಿ ಎರಡು ಸಾಲು ಪಿಕ್ಸೆಲ್ ಮೇಲೆ ಬೀಳಿಸುತ್ತವೆ. ಆ ಎರಡು ಬಿಂಬಗಳು ಇರಬೇಕಾದ್ದಕ್ಕಿಂತ ಹತ್ತಿರವಿದ್ದರೆ ಫೋಕಸ್ ಹಕ್ಕಿಗಿಂತ ಮುಂದೆ ನಿಂತಿದೆ, ದೂರವಿದ್ದರೆ ಹಿಂದೆ. ಯಾವ ಕಡೆ, ಎಷ್ಟು ಸರಿಯಬೇಕೆಂಬುದು ಒಂದೇ ಅಳತೆಯಲ್ಲಿ ಸಿಗುವುದರಿಂದಲೇ ಇಷ್ಟು ವೇಗ.

ಮಿರರ್‌ಲೆಸ್‌ನಲ್ಲಿ (ಕನ್ನಡಿಯಿಲ್ಲದ ಕ್ಯಾಮೆರಾ) ಇದೇ ಅಳತೆ ಚಿತ್ರದ ಸೆನ್ಸರ್ ಮೇಲೆಯೇ ನಡೆಯುತ್ತದೆ. ಹಕ್ಕಿಯ ಕಣ್ಣು ಗುರುತಿಸುವುದು ಸಾಫ್ಟ್‌ವೇರ್ ಕೆಲಸ. ಅಳೆಯಲು ಅಲ್ಲೂ ಅಂಚೇ ಬೇಕು. ಹೆಚ್ಚಿನ ಮಾದರಿಗಳಲ್ಲಿ ಪಿಕ್ಸೆಲ್ ಜೋಡಿ ಎಡ-ಬಲಕ್ಕೆ ಇರುವುದರಿಂದ ಲಂಬ ಗೆರೆ ಚೆನ್ನಾಗಿ ಸಿಗುತ್ತದೆ, ಕಾವೇರಿಯ ಅಡ್ಡ ಅಲೆ ಸಿಗುವುದಿಲ್ಲ. ಕ್ಯಾಮೆರಾವನ್ನು 20–30 ಡಿಗ್ರಿ ಓರೆ ಮಾಡಿ ಫೋಕಸ್ ಹಿಡಿದು ನೇರ ಮಾಡಿಕೊಳ್ಳಿ. ಡಿಎಸ್ಎಲ್ಆರ್‌ನ ಕ್ರಾಸ್ ಬಿಂದುಗಳು ಎರಡೂ ಬಗೆಯ ಗೆರೆ ಓದುತ್ತವೆ. ಯಾವುವು ಕ್ರಾಸ್ ಎಂದು ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳಿ, ನಡುವಿನದು ಸಾಮಾನ್ಯವಾಗಿ ಹೌದು.

ಎಫ್/5.6 ಲೆನ್ಸಿಗೆ 1.4 ಕನ್ವರ್ಟರ್ (ಬಿಂಬವನ್ನು 1.4 ಪಟ್ಟು ಹಿಗ್ಗಿಸುವ ಹೆಚ್ಚುವರಿ ಮಸೂರ) ಹಾಕಿದರೆ ಎಫ್/8 ಆಗುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಬರುವ ಕಿಂಡಿ ಕಿರಿದು. ಹಳೆಯ ಡಿಎಸ್ಎಲ್ಆರ್‌ಗಳಲ್ಲಿ ಆಗ ನಡುಬಿಂದು ಮಾತ್ರ ಕೆಲಸ ಮಾಡೀತು, ಕೆಲವದರಲ್ಲಿ ಅದೂ ಇಲ್ಲ. ಸೆನ್ಸರ್ ನೋಡುವುದು ಲೆನ್ಸಿನ ಅಂಚಿನ ಬೆಳಕನ್ನು. ಕಿಂಡಿ ಕಿರಿದಾದರೆ ಆ ಬೆಳಕೇ ತಲುಪುವುದಿಲ್ಲ.

ಕೊಕ್ಕರೆ ಬೆಳ್ಳೂರಿನಲ್ಲಿ ತೊಂದರೆ ಬೇರೆ. ಹುಣಸೆ ಮರದ ಗೂಡಿಗಿಂತ ಮುಂದಿನ ರೆಂಬೆಯ ಅಂಚೇ ಗಟ್ಟಿ, ಸೆನ್ಸರ್ ಅದಕ್ಕೇ ಅಂಟುತ್ತದೆ. ಗುಂಪು ಬಿಂದು ಬಿಟ್ಟು ಒಂಟಿ ಬಿಂದು ಬಳಸಿ. ಹಾರುವ ಹೆಜ್ಜಾರ್ಲೆಗೆ ನಿರಂತರ ಫೋಕಸ್ ಇಟ್ಟು, ಟ್ರ್ಯಾಕಿಂಗ್ ತಡವನ್ನು (ಅಡ್ಡ ಬಂದದ್ದಕ್ಕೆ ಫೋಕಸ್ ಬದಲಿಸುವ ಮುನ್ನ ಕ್ಯಾಮೆರಾ ಕಾಯುವ ಹೊತ್ತು) ಹೆಚ್ಚಿಸಿ. ರೆಂಬೆ ಅಡ್ಡ ಬಂದರೂ ಜಿಗಿಯುವುದಿಲ್ಲ. ಮಧ್ಯಾಹ್ನದ ಬಿಸಿಗಾಳಿ ನಡುಗುವಾಗ ಬಿಂಬವೇ ಅಲುಗುತ್ತದೆ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಬೆಳಗ್ಗೆ ಬೇಗ ಹೋಗಿ.

ಡಿಎಸ್ಎಲ್ಆರ್‌ನಲ್ಲಿ ಫೋಕಸ್ ಪ್ರತಿ ಸಲವೂ ಒಂದೇ ಕಡೆಗೆ ತಪ್ಪುತ್ತಿದ್ದರೆ ಮೆನುವಿನಲ್ಲಿರುವ ಫೋಕಸ್ ತಿದ್ದುವ ಸೆಟ್ಟಿಂಗನ್ನು ಹೊಂದಿಸಬೇಕಾಗುತ್ತದೆ. ಗುರಿ ಇರಬೇಕಾದ್ದು ಲೆನ್ಸಿನ ಫೋಕಲ್ ಉದ್ದದ 25ರಿಂದ 50 ಪಟ್ಟು ದೂರ, ಅಂದರೆ 400 ಮಿ.ಮೀ.ಗೆ 10–20 ಮೀಟರ್. ಟ್ರೈಪಾಡ್, ಹಗಲು ಬೆಳಕು, ಸ್ಟೆಬಿಲೈಜರ್ ಬಂದ್, ಕಿಂಡಿ ಪೂರ್ತಿ ತೆರೆದು. ಚಪ್ಪಟೆ ಹಲಗೆಗೆ ಪತ್ರಿಕೆಯ ಹಾಳೆ ಅಂಟಿಸಿ, ಪಕ್ಕದಲ್ಲಿ ಅಳತೆಪಟ್ಟಿಯನ್ನು ಓರೆಯಾಗಿ ನಿಲ್ಲಿಸಿ. ಪ್ರತಿ ಚಿತ್ರಕ್ಕೂ ಮೊದಲು ಫೋಕಸ್ ಕೆಡಿಸಿ: ಐದು ಸಲ ಅನಂತದಿಂದ, ಐದು ಸಲ ಹತ್ತಿರದಿಂದ. ಲೈವ್ ವ್ಯೂನಲ್ಲಿ (ಕನ್ನಡಿ ಎತ್ತಿ, ಚಿತ್ರದ ಸೆನ್ಸರಿನಿಂದಲೇ ಹಿಂದಿನ ಪರದೆಯಲ್ಲಿ ನೋಡುವುದು) ಹಿಡಿದ ಚಿತ್ರದೊಡನೆ ಹೋಲಿಸಿ. ಮುಂದೆ ಬೀಳುತ್ತಿದ್ದರೆ ಪ್ಲಸ್ ಕಡೆಗೆ, ಹಿಂದೆ ಬೀಳುತ್ತಿದ್ದರೆ ಮೈನಸ್ ಕಡೆಗೆ, ಒಂದು ಸಲಕ್ಕೆ 5ರಂತೆ ಬದಲಿಸುತ್ತ ಹೋಗಿ. ಮಿತಿ ಸಾಮಾನ್ಯವಾಗಿ 20. ಹತ್ತು ಚಿತ್ರ ಹತ್ತು ಕಡೆ ಬಿದ್ದರೆ ಹೊಂದಿಸಿ ಫಲವಿಲ್ಲ, ಸರ್ವಿಸ್‌ಗೆ ಕೊಡಿ. ಜೂಮ್ ಲೆನ್ಸಾದರೆ ಹಕ್ಕಿಗೆ ಬಳಸುವ ಉದ್ದದ ತುದಿಯಲ್ಲಿ ಅಳೆಯಿರಿ, ಕನ್ವರ್ಟರ್ ಹಾಕಿ ಮತ್ತೆ ಬೇರೆಯಾಗಿ.