ಮಳೆಗಾಲದಲ್ಲೂ ನಿಲ್ಲದ ಫ್ಯಾನ್: ನಾನೇ ಜೋಡಿಸಿದ ಕಂಪ್ಯೂಟರ್

"ಕೊಡಗಿನ ಚಳಿಗೆ ಕಂಪ್ಯೂಟರ್‌ಗೆ ಇಷ್ಟೊಂದು ಫ್ಯಾನ್ ಯಾಕೆ?" ನನ್ನ ಕ್ಯಾಬಿನೆಟ್ ನೋಡಿದವರೆಲ್ಲ ಮೊದಲು ಕೇಳುವುದು ಇದನ್ನೇ. ಉತ್ತರ ಹೇಳಬೇಕಾದರೆ ಹಳೇ ಕಂಪ್ಯೂಟರ್‌ನಿಂದ ಶುರು ಮಾಡಬೇಕು.

ನಾನು ಗೋಣಿಕೊಪ್ಪದ ಹತ್ತಿರ ಇದ್ದೇನೆ. ಮದುವೆ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಏಪ್ರಿಲ್, ಮೇ ಬಂತೆಂದರೆ ಕೊಡವ ಸಮಾಜಗಳಲ್ಲಿ ಸಾಲು ಸಾಲು ಮದುವೆ. ಬಾಳೆ ಕಡಿಯುವುದು, ವಾಲಗಕ್ಕೆ ಕುಣಿಯುವುದು, ಗಂಗಾಪೂಜೆ ಎಲ್ಲ ಶೂಟ್ ಮಾಡಿ ತಂದು ಹಾರ್ಡ್ ಡಿಸ್ಕ್‌ನಲ್ಲಿ ತುಂಬಿಡುತ್ತೇವೆ. ಕೂತು ಎಡಿಟ್ ಮಾಡುವುದು ಜೂನ್, ಜುಲೈನಲ್ಲಿ. ಅಂದರೆ ಮಳೆ ಜೋರಾಗಿ ಹಿಡಿಯುವ ಹೊತ್ತಿಗೇ ನನ್ನ ಕಂಪ್ಯೂಟರ್‌ಗೆ ಕೆಲಸ ಜಾಸ್ತಿ.

ಹಳೇ ಕಂಪ್ಯೂಟರ್ ಪ್ರತಿ ಮಳೆಗಾಲ ಕೈಕೊಡುತ್ತಿತ್ತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಬೀಪ್ ಸದ್ದು, ಪರದೆ ಕಪ್ಪು. ರ‍್ಯಾಮ್ ಕಿತ್ತು, ಅದರ ಹಳದಿ ಪಿನ್ನುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದರೆ ಒಂದು ವಾರ ಓಡುತ್ತಿತ್ತು. 2022ರ ಜುಲೈನಲ್ಲಿ ಆ ಉಪಾಯವೂ ನಡೆಯಲಿಲ್ಲ. ಎಕ್ಸ್‌ಪೋರ್ಟ್, ಅಂದರೆ ಎಡಿಟ್ ಆದ ವಿಡಿಯೋವನ್ನು ಫೈಲ್ ಆಗಿ ತೆಗೆಯುವ ಕೆಲಸ, ಅರ್ಧಕ್ಕೆ ಬಂದಾಗ ತಾನಾಗಿ ಆಫ್ ಆಗತೊಡಗಿತು. ಬಾಗಿಲು ಬಿಚ್ಚಿ ನೋಡಿದೆ. ಮುಂದಿನ ಫ್ಯಾನ್ ಮೇಲೆ ಕೂತಿದ್ದ ಧೂಳು ತೇವ ಹೀರಿಕೊಂಡು ಹಳೇ ಕಂಬಳಿ ತುಂಡಿನ ಹಾಗೆ ಅಂಟಿತ್ತು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಎದ್ದು ಬಂತು. ಬ್ಲೇಡ್ ತಿರುಗುತ್ತಲೇ ಇರಲಿಲ್ಲ. ಸ್ಕ್ರೂಗಳ ತಲೆಗೆ ತುಕ್ಕು. ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ ಎಸ್‌ಎಂಪಿಎಸ್, ಅದರ ಪಕ್ಕದ ಮೂಲೆಯಲ್ಲಿ ಇರುವೆಗಳು ಮೊಟ್ಟೆ ಇಟ್ಟಿದ್ದವು.

ಅದೇ ಕೋಣೆಯಲ್ಲಿ ನನ್ನ ಲೆನ್ಸ್‌ಗಳೂ ಇದ್ದವು. ಅವುಗಳಿಗೆ ಏನೂ ಆಗಿರಲಿಲ್ಲ. ಯಾಕೆ? ಮರದ ಪೆಟ್ಟಿಗೆಯೊಳಗೆ ಒಂದು 15 ವ್ಯಾಟ್‌ನ ಬಲ್ಬ್ ಇಡೀ ಮಳೆಗಾಲ ಉರಿಯುತ್ತದೆ. ಲೆನ್ಸ್‌ಗೆ ಬೂಷ್ಟು ಹಿಡಿಯದಿರಲಿ ಎಂದು ಇಲ್ಲಿನ ಹಳೇ ಫೋಟೋಗ್ರಾಫರ್‌ಗಳು ಮಾಡುವ ಉಪಾಯ ಇದು. ಗಾಳಿ ನಾಲ್ಕೈದು ಡಿಗ್ರಿ ಬೆಚ್ಚಗಾದರೂ ಸಾಕು, ತೇವ ಕೂರುವುದಿಲ್ಲ. ಕಂಪ್ಯೂಟರ್ ಒಳಗೆ ಬಲ್ಬ್‌ಗಿಂತ ಜಾಸ್ತಿ ಬಿಸಿ ತಾನಾಗಿಯೇ ಇದೆ. ಆ ಬಿಸಿಯನ್ನು ಮೂಲೆ ಮೂಲೆಗೂ ಹರಡಿ, ತೇವದ ಗಾಳಿಯನ್ನು ಹೊರಗೆ ತಳ್ಳುವ ಫ್ಯಾನ್ ಬೇಕು ಅಷ್ಟೆ. ಅದು ನಿಧಾನವಾಗಿ ತಿರುಗಿದರೂ ಪರವಾಗಿಲ್ಲ, ನಿಲ್ಲಬಾರದು. ಹೊಸ ಕಂಪ್ಯೂಟರ್ ಜೋಡಿಸುವಾಗ ನಾನು ಇದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡೆ.

2023ರ ಜನವರಿಯಲ್ಲಿ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಸಾಮಾನು ತಂದೆ. ರೈಜನ್ 7 5700ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್, 16 ಜಿಬಿಯ ಎರಡು ರ‍್ಯಾಮ್, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 650 ವ್ಯಾಟ್ ಎಸ್‌ಎಂಪಿಎಸ್. ಈ ಪ್ರೊಸೆಸರ್ ಜೊತೆ ಕೂಲರ್ ಕೊಡುವುದಿಲ್ಲ. ಅದನ್ನು ಬೇರೆ ಕೊಳ್ಳಬೇಕು, ನಾನು ಗೋಪುರದ ಹಾಗಿರುವ ಒಂಟಿ ಫ್ಯಾನಿನ ಕೂಲರ್ ತಗೊಂಡೆ. ಕ್ಯಾಬಿನೆಟ್ ಆರಿಸುವಾಗ ಮಾತ್ರ ತುಂಬಾ ಹೊತ್ತು ನಿಂತೆ. ಅಂಗಡಿಯವರು ಮುಂಭಾಗ ಪೂರ್ತಿ ಗಾಜಿನದ್ದು ತೋರಿಸಿ, "ಇದೇ ಈಗ ಓಡ್ತಿರೋದು ಸಾರ್" ಅಂದರು. ನನಗೆ ಮುಂದೆ ಜಾಲರಿ, ಅದರ ಹಿಂದೆ ಬಿಚ್ಚಿ ತೊಳೆಯಲು ಬರುವ ಫಿಲ್ಟರ್ ಬೇಕಿತ್ತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಮನೆ ಮುಂದಿನ ಕಣದಲ್ಲಿ ಕಾಫಿ ಒಣಗುತ್ತದೆ. ಆ ಧೂಳಿಗೆ ಫಿಲ್ಟರ್ ಇಲ್ಲದ ಕ್ಯಾಬಿನೆಟ್ ತಡೆಯುವುದಿಲ್ಲ. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ತಿತಿಮತಿ ದಾಟಿ ನಮ್ಮೂರಿಗೆ ಬರುವ ಬಸ್ಸಿನಲ್ಲಿ ಮದರ್‌ಬೋರ್ಡ್ ಮತ್ತು ಕಾರ್ಡನ್ನು ತೊಡೆ ಮೇಲೇ ಇಟ್ಟುಕೊಂಡು ಬಂದೆ.

ಜೋಡಿಸುವ ಕೆಲಸ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಒಂದೆರಡು ವಿಷಯ ಮಾತ್ರ ಹೇಳುತ್ತೇನೆ. ಜನವರಿಯ ಒಣ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಬೋರ್ಡ್ ಮುಟ್ಟಬೇಡಿ. ಉಣ್ಣೆಯಿಂದ ಮೈಯಲ್ಲಿ ಚಾರ್ಜ್ ಕೂರುತ್ತದೆ, ಕತ್ತಲಲ್ಲಿ ಸ್ವೆಟರ್ ತೆಗೆಯುವಾಗ ಚಟಚಟ ಕಿಡಿ ಕಾಣುವುದು ಅದೇ. ನಾನು ಸ್ವೆಟರ್ ಬಿಚ್ಚಿಟ್ಟು, ಬರಿಗಾಲಲ್ಲಿ ನೆಲದ ಮೇಲೆ ನಿಂತು, ಆಗಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟುತ್ತಾ ಕೆಲಸ ಮಾಡಿದೆ. ಎರಡೇ ರ‍್ಯಾಮ್ ಇದ್ದರೆ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಜಾಗಕ್ಕೆ ಹಾಕಿ. ಪ್ರೊಸೆಸರ್‌ನ 8 ಪಿನ್ನಿನ ಪವರ್ ವೈರನ್ನು ಬೋರ್ಡ್ ಕೂರಿಸುವ ಮೊದಲೇ ಮೇಲಿನ ಮೂಲೆಯ ತೂತಿನಿಂದ ಎಳೆದಿಟ್ಟುಕೊಳ್ಳಿ. ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಈಗ ಫ್ಯಾನ್ ವಿಷಯ. ಎರಡು ದಿನ ಹಿಡಿದದ್ದು ಇದಕ್ಕೇ.

ಮುಂದೆ ಒಳಗೆ ಎಳೆಯಲು ಮೂರು, ಹಿಂದೆ ಹೊರಗೆ ತಳ್ಳಲು ಒಂದು ಎಂದು ಲೆಕ್ಕ ಹಾಕಿದೆ. ಒಳಗೆ ಬರುವ ಗಾಳಿ ಜಾಸ್ತಿ, ಹೊರಗೆ ಹೋಗುವುದು ಕಡಿಮೆ ಇದ್ದರೆ ಕ್ಯಾಬಿನೆಟ್ ಒಳಗೆ ಒತ್ತಡ ಸ್ವಲ್ಪ ಏರಿರುತ್ತದೆ. ಆಗ ಸಂದುಗೊಂದುಗಳಿಂದ ಗಾಳಿ ಹೊರಗೇ ಹೋಗುತ್ತದೆ, ಧೂಳು ನುಗ್ಗುವುದಿಲ್ಲ. ಬರುವ ಗಾಳಿ ಎಲ್ಲ ಫಿಲ್ಟರ್ ಮೂಲಕವೇ ಬರಬೇಕು. ಮುಂದಿನ ಮೂರೂ 120 ಮಿಲಿಮೀಟರ್‌ನ 4 ಪಿನ್ನಿನ ಫ್ಯಾನ್. ಹಿಂದಿನದು ಕ್ಯಾಬಿನೆಟ್ ಜೊತೆ ಬಂದ 3 ಪಿನ್ನಿನದು.

ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ಅರ್ಧ ತಲೆನೋವು ತಪ್ಪುತ್ತದೆ. 3 ಪಿನ್ನಿನಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಮೂರನೆಯದು ಫ್ಯಾನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ಬೋರ್ಡ್‌ಗೆ ಹೇಳುವ ತಂತಿ. ಇದರ ವೇಗ ಇಳಿಸಬೇಕಾದರೆ ವೋಲ್ಟೇಜನ್ನೇ ಇಳಿಸಬೇಕು. ತುಂಬಾ ಇಳಿಸಿದರೆ ಫ್ಯಾನ್ ಏಳುವುದೇ ಇಲ್ಲ. ನನ್ನದು 5 ವೋಲ್ಟ್‌ಗೆ ತಿರುಗಿತು, 4ಕ್ಕೆ ಸುಮ್ನೆ ನಿಂತುಬಿಟ್ಟಿತು. 4 ಪಿನ್ನಿನದಕ್ಕೆ 12 ವೋಲ್ಟ್ ಯಾವಾಗಲೂ ಪೂರ್ತಿ ಇರುತ್ತದೆ. ನಾಲ್ಕನೇ ತಂತಿಯಲ್ಲಿ ಸೆಕೆಂಡಿಗೆ 25,000 ಸಲ ಆನ್ ಆಫ್ ಆಗುವ ಒಂದು ಸಿಗ್ನಲ್ ಬರುತ್ತದೆ. ಅದರಲ್ಲಿ ಆನ್ ಇರುವ ಪಾಲು ಎಷ್ಟೋ, ಅದರ ಪ್ರಕಾರ ಫ್ಯಾನಿನ ವೇಗ. ಇದಕ್ಕೆ ಪಿಡಬ್ಲ್ಯುಎಂ ಅನ್ನುತ್ತಾರೆ. ನಿಧಾನವಾಗಿ, ಆದರೆ ನಿಲ್ಲದೆ ತಿರುಗಬೇಕು ಎನ್ನುವ ನನ್ನಂಥವರಿಗೆ ಇದೇ ಸರಿ.

ಬೋರ್ಡ್ ಮೇಲೆ ಫ್ಯಾನಿನ ವೈರ್ ಸಿಕ್ಕಿಸುವ ಪಿನ್ನುಗಳ ಜಾಗಕ್ಕೆ ಹೆಡರ್ ಅನ್ನುತ್ತಾರೆ. ನನ್ನ ಬೋರ್ಡ್‌ನಲ್ಲಿ ಕೂಲರ್‌ಗೆ ಒಂದು ಹೆಡರ್, ಕ್ಯಾಬಿನೆಟ್ ಫ್ಯಾನ್‌ಗಳಿಗೆ ಎರಡು. ಮುಂದಿನ ಮೂರನ್ನೂ ಒಂದೇ ಹೆಡರ್‌ಗೆ ಸೇರಿಸಬೇಕಿತ್ತು. ಬೋರ್ಡ್‌ನ ಪುಸ್ತಕದಲ್ಲಿ ಹೆಡರ್ ತಡೆಯುವುದು 1 ಆಂಪಿಯರ್ ಎಂದಿತ್ತು. ಪ್ರತಿ ಫ್ಯಾನ್ ಹಿಂದಿನ ಚೀಟಿಯಲ್ಲಿ 0.20 ಆಂಪಿಯರ್. ಮೂರು ಸೇರಿ 0.60. ಶುರುವಾಗುವ ಕ್ಷಣದಲ್ಲಿ ಸ್ವಲ್ಪ ಜಾಸ್ತಿ ಎಳೆದರೂ ಜಾಗ ಉಳಿದಿದೆ. ಐದು ಫ್ಯಾನ್ ಆಗಿದ್ದರೆ ನಾನು ಈ ಧೈರ್ಯ ಮಾಡುತ್ತಿರಲಿಲ್ಲ, ಎಸ್‌ಎಂಪಿಎಸ್‌ನಿಂದ ನೇರ ಕರೆಂಟ್ ತೆಗೆದುಕೊಳ್ಳುವ ಹಬ್ ಹಾಕುತ್ತಿದ್ದೆ. ಈ ಕೂಡುವ ಲೆಕ್ಕವನ್ನು ದಯವಿಟ್ಟು ಮಾಡಿ. ಹೆಡರ್ ಸುಟ್ಟರೆ ಬೋರ್ಡನ್ನೇ ರಿಪೇರಿಗೆ ಹೊರಬೇಕು.

ಮೂರು ಬಾಯಿಯ ಸ್ಪ್ಲಿಟರ್ ತಂದು ಸಿಕ್ಕಿಸಿದೆ. ಫ್ಯಾನ್ ಮೂರೂ ತಿರುಗಿದವು. ಬಯಾಸ್‌ನಲ್ಲಿ, ಅಂದರೆ ಬೋರ್ಡ್‌ನದೇ ಸೆಟ್ಟಿಂಗ್ ಪರದೆಯಲ್ಲಿ, ನೋಡಿದರೆ ವೇಗ ಒಮ್ಮೆ 3,100, ಒಮ್ಮೆ 0, ಮತ್ತೆ 1,900. ಆ ಫ್ಯಾನ್ ಹೆಚ್ಚೆಂದರೆ ನಿಮಿಷಕ್ಕೆ 1,500 ಸುತ್ತಿನದು. ಸ್ಪ್ಲಿಟರ್ ಕಿತ್ತು ಬೆಳಕಿಗೆ ಹಿಡಿದು ತಂತಿ ಎಣಿಸಿದಾಗ ಗೊತ್ತಾಯಿತು. ಮೂರೂ ಬಾಯಿಗೆ ನಾಲ್ಕು ನಾಲ್ಕು ತಂತಿ ಇದ್ದವು. ವೇಗ ಹೇಳುವ ತಂತಿ ಒಂದೇ ಫ್ಯಾನಿನಿಂದ ಬರಬೇಕು. ಮೂರೂ ಒಟ್ಟಿಗೆ ಮಾತಾಡಿದರೆ ಬೋರ್ಡ್‌ಗೆ ಏನೂ ಅರ್ಥವಾಗುವುದಿಲ್ಲ. ಸರಿಯಾದ ಸ್ಪ್ಲಿಟರ್‌ನಲ್ಲಿ ಒಂದು ಬಾಯಿಗೆ ಮಾತ್ರ ನಾಲ್ಕು ತಂತಿ, ಉಳಿದವಕ್ಕೆ ಮೂರನೇ ಜಾಗ ಖಾಲಿ. ಮತ್ತೆ ಪೇಟೆಗೆ ಹೋಗುವ ಬದಲು ಹೊಲಿಗೆ ಸೂಜಿ ತಗೊಂಡೆ. ಕನೆಕ್ಟರ್‌ನ ಪಕ್ಕದ ಸಣ್ಣ ಕಿಂಡಿಯಲ್ಲಿ ಒಂದು ಲೋಹದ ನಾಲಿಗೆ ಕಾಣುತ್ತದೆ. ಅದನ್ನು ಸೂಜಿಯಿಂದ ಒತ್ತಿ ಹಿಡಿದು ತಂತಿ ಎಳೆದರೆ ಪಿನ್ ಸಲೀಸಾಗಿ ಈಚೆ ಬರುತ್ತದೆ. ಎರಡು ಬಾಯಿಯ ಮೂರನೇ ತಂತಿಗಳನ್ನು ತೆಗೆದು, ತುದಿಗೆ ಟೇಪ್ ಸುತ್ತಿ ಮಡಚಿ ಕಟ್ಟಿದೆ. ಆಮೇಲೆ ಬಯಾಸ್‌ನಲ್ಲಿ ವೇಗ ಅಲುಗಾಡಲಿಲ್ಲ.

ಇಷ್ಟಾದರೂ ಎಕ್ಸ್‌ಪೋರ್ಟ್ ಹಾಕಿದಾಗ ಪ್ರೊಸೆಸರ್ 79 ಡಿಗ್ರಿ ತೋರಿಸಿತು. ಕೋಣೆಯಲ್ಲಿ 20 ಡಿಗ್ರಿಯೂ ಇರಲಿಲ್ಲ. ಕೂಲರ್ ಮತ್ತೆ ಬಿಚ್ಚಿ, ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಹಚ್ಚಿದೆ, ಬದಲಾಗಲಿಲ್ಲ. ಸಂಜೆ ಅವ್ವ ದೇವರ ಮುಂದೆ ಊದುಬತ್ತಿ ಹಚ್ಚಿದಾಗ, ಹೊಗೆ ನೇರ ಮೇಲೇಳುತ್ತಾ ಕಿಟಕಿ ಹತ್ತಿರ ಬಾಗುವುದು ನೋಡಿದೆ. ಒಂದು ಕಡ್ಡಿ ತಂದು ಕ್ಯಾಬಿನೆಟ್ ಮುಂದೆ ಹಿಡಿದೆ. ಹೊಗೆ ಜಾಲರಿಯೊಳಗೆ ಎಳೆದುಕೊಂಡು ಹೋಯಿತು. ಮೂರೂ ಫ್ಯಾನ್ ಸರಿ ಇವೆ. ಹಿಂದೆ ಹಿಡಿದೆ. ಹೊಗೆ ನನ್ನ ಕಡೆ ಬರಬೇಕಿತ್ತು. ಅಲ್ಲೂ ಒಳಗೇ ಹೋಯಿತು. ಹಿಂದಿನ ಫ್ಯಾನ್ ತಿರುವುಮುರುವು ಕೂತಿತ್ತು. ಬ್ಲೇಡ್ ಪೂರ್ತಿ ಕಾಣುವ ಮುಖದಿಂದ ಗಾಳಿ ಒಳಗೆ ಹೋಗುತ್ತದೆ, ಅಡ್ಡಪಟ್ಟಿಗಳು ಇರುವ ಮುಖದಿಂದ ಹೊರಗೆ ಬರುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿ ಹಾಕಿದ ಮೇಲೆ ಅದೇ ಎಕ್ಸ್‌ಪೋರ್ಟ್‌ಗೆ 68 ಡಿಗ್ರಿ. ಅಂದಿನಿಂದ ಯಾರ ಕಂಪ್ಯೂಟರ್ ನೋಡಿದರೂ ನಾನು ಮೊದಲು ಊದುಬತ್ತಿ ಕೇಳುತ್ತೇನೆ.

ಬಯಾಸ್‌ನಲ್ಲಿ ಮೂರು ಬದಲಾವಣೆ ಮಾಡಿದೆ. ಹಿಂದಿನ 3 ಪಿನ್ನಿನ ಫ್ಯಾನ್ ಇರುವ ಹೆಡರನ್ನು ವೋಲ್ಟೇಜ್ ಇಳಿಸಿ ವೇಗ ಇಳಿಸುವ ಡಿಸಿ ಮೋಡ್‌ಗೆ ಹಾಕಿದೆ. ಪಿಡಬ್ಲ್ಯುಎಂ ಮೋಡ್‌ನಲ್ಲಿ ಅದು ಸದಾ ಪೂರ್ತಿ ವೇಗದಲ್ಲಿ ಕಿರುಚುತ್ತಿತ್ತು. ತಣ್ಣಗಿರುವಾಗ ಫ್ಯಾನ್ ನಿಲ್ಲಿಸುವ ಆಯ್ಕೆಯನ್ನು ತೆಗೆದು, ಯಾವ ಫ್ಯಾನೂ ನಿಲ್ಲದ ಹಾಗೆ ಕನಿಷ್ಠ ವೇಗ ಇಟ್ಟೆ. ಬೆಂಗಳೂರಿನ ಗೆಳೆಯ ಇದನ್ನು ನೋಡಿ ಸದ್ದು ಕಡಿಮೆ ಮಾಡಲು ನಿಲ್ಲಿಸು ಅಂದ. ಅವನ ಊರಿಗೆ ಅದು ಸರಿ ಇರಬಹುದು, ನಮ್ಮ ಮಳೆಗೆ ಆಗುವುದಿಲ್ಲ. ಮೂರನೆಯದು ಮುಖ್ಯ. ಕ್ಯಾಬಿನೆಟ್ ಫ್ಯಾನ್‌ಗಳು ಮೊದಲಿಗೆ ಪ್ರೊಸೆಸರ್‌ನ ಬಿಸಿ ನೋಡಿ ವೇಗ ಬದಲಿಸುತ್ತಿದ್ದವು. ಆದರೆ ನನ್ನ ಕೆಲಸದಲ್ಲಿ ಎಷ್ಟೋ ಸಲ ಬಿಸಿಯಾಗುವುದು ಗ್ರಾಫಿಕ್ಸ್ ಕಾರ್ಡ್. ಅದೊಂದೇ 170 ವ್ಯಾಟ್ ತಿನ್ನುತ್ತದೆ. ಅದು ಕುದಿಯುತ್ತಿದ್ದರೂ ಮುಂದಿನ ಫ್ಯಾನ್‌ಗಳಿಗೆ ಗೊತ್ತೇ ಆಗುತ್ತಿರಲಿಲ್ಲ. ಹಾಗಾಗಿ ಅವುಗಳನ್ನು ಮದರ್‌ಬೋರ್ಡ್‌ನ ಸೆನ್ಸರ್‌ಗೆ ಕಟ್ಟಿದೆ. ಕ್ಯಾಬಿನೆಟ್ ಒಳಗಿನ ಗಾಳಿ ಬೆಚ್ಚಗಾದಂತೆ ಅವೂ ನಿಧಾನವಾಗಿ ವೇಗ ಏರಿಸುತ್ತವೆ.

ಕರೆಂಟ್ ವಿಷಯ ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ಮೊದಲ ದಿನವೇ ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಮ್ ಅಂದಿತ್ತು. ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆದೆ. ಸಾಕೆಟ್ ಬಿಚ್ಚಿ, "ಅರ್ತ್ ವೈರ್ ಬಿಟ್ಟೋಗಿದೆ ನೋಡು ತಮ್ಮಾ" ಎಂದು ತೋರಿಸಿದರು. ವೈರ್ ಸೇರಿಸಿ, ಹೊರಗಿನ ಅರ್ತ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿಸಿ ನೀರು ಹಾಕಿದ ಮೇಲೆ ಜುಮ್ ನಿಂತಿತು. ಮನೆ ಇನ್ವರ್ಟರ್ ಮಾಮೂಲಿ ಕರೆಂಟಿನಂಥದ್ದೇ ಕರೆಂಟ್ ಕೊಡುವ ಸೈನ್‌ವೇವ್ ಮಾದರಿಯದು, ಅದನ್ನೇ ನಂಬಿದ್ದೇನೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಾತ್ರ ಯಾವುದನ್ನೂ ನಂಬುವುದಿಲ್ಲ. ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳುತ್ತೇನೆ, ಇಂಟರ್ನೆಟ್ ವೈರನ್ನೂ ಕೀಳುತ್ತೇನೆ. ಪ್ಲಗ್ ಕಿತ್ತು ಆ ವೈರ್ ಬಿಟ್ಟರೆ ಸಿಡಿಲು ಅದರಲ್ಲೇ ಬರಬಹುದು.

ಆ ಮಳೆಗಾಲ ಪೂರ್ತಿ ಕೆಲಸ ಇರಲಿ ಬಿಡಲಿ, ದಿನಕ್ಕೆ ಒಂದು ಗಂಟೆಯಾದರೂ ಕಂಪ್ಯೂಟರ್ ಓಡಿಸಿದೆ. ಹೊರಗೆ ವಾರಗಟ್ಟಲೆ ಬಿಸಿಲು ಕಾಣಲಿಲ್ಲ, ಬಾಗಿಲ ಪಕ್ಕದ ಚಪ್ಪಲಿಗೆ ಬೂಷ್ಟು ಬಂತು. ರ‍್ಯಾಮ್ ಒಂದು ಸಲವೂ ಕೀಳಬೇಕಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಕ್ಯಾಬಿನೆಟ್ ಬಾಗಿಲು ಬಿಚ್ಚಿದೆ. ಸ್ಕ್ರೂಗಳು ಹೊಳೆಯುತ್ತಿದ್ದವು. ಎಲ್ಲ ಧೂಳು ಮುಂದಿನ ಫಿಲ್ಟರ್ ಮೇಲೇ ಉಳಿದಿತ್ತು.

ಆ ಫಿಲ್ಟರನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ತೊಳೆದದ್ದು ಒಣಗುವುದೇ ಕಷ್ಟ. ಒದ್ದೆ ಇರುವಾಗ ಮತ್ತೆ ಹಾಕಿದರೆ ಫ್ಯಾನ್ ಆ ನೀರನ್ನೇ ಒಳಗೆ ಎಳೆಯುತ್ತದೆ. ಅದಕ್ಕೆ ಅದೇ ಅಳತೆಯ ಇನ್ನೊಂದು ಜಾಲರಿ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಒಂದು ಕ್ಯಾಬಿನೆಟ್‌ನಲ್ಲಿ ಇರುವಾಗ ಇನ್ನೊಂದು ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆಗೆ, ಅವ್ವನ ಕೈಬಟ್ಟೆಗಳ ಜೊತೆ ನೇತಾಡುತ್ತಿರುತ್ತದೆ.